ಮಗು ತೀರಿಕೊಂಡ ಮೇಲೆ ಕೆಲಸ ಉಳಿಸಿಕೊಳ್ಳುವ ರಜೆ: ಒಂಟಾರಿಯೊದ 104 ವಾರದ ಬಗ್ಗೆ ಗೊತ್ತಿರುವವರು ಹೇಳಿ

ಬ್ರಾಂಪ್ಟನ್ ಬಸವ

ಎಲ್ಲರಿಗೂ ನಮಸ್ಕಾರ. ನಮಗೆ ಪರಿಚಯದ ಒಂದು ಕುಟುಂಬದ ಪರವಾಗಿ ಕೇಳುತ್ತಿದ್ದೇನೆ. ಹೆಸರು, ವಿಳಾಸ ಬೇಡ, ದಯವಿಟ್ಟು ಯಾರೂ ಊಹೆ ಮಾಡಲೂ ಹೋಗಬೇಡಿ. ಗಂಡ ಹೆಂಡತಿ ಇಬ್ಬರೂ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಟೊರಾಂಟೊ ಕಡೆ ಕೆಲಸದಲ್ಲಿದ್ದಾರೆ. ಶಾಲೆಗೆ ಹೋಗುತ್ತಿದ್ದ ಮಗು ಕಾಯಿಲೆ ಬಂದು ತೀರಿಕೊಂಡಿತು. ಆಸ್ಪತ್ರೆಗೆ ಓಡಾಡುವಾಗಲೇ ಇದ್ದಬದ್ದ ರಜೆಯೆಲ್ಲ ಮುಗಿದಿತ್ತು. ಈಗ ಗಂಡನ ಆಫೀಸಿನಿಂದ ಎಚ್‌ಆರ್ ಮೇಲ್ ಬಂದಿದೆ. ಒರಟಾಗಿ ಏನೂ ಬರೆದಿಲ್ಲ, ಮೂರು ದಿನ ಸಂಬಳದ ರಜೆ ಕೊಡುತ್ತೇವೆ, ಆಮೇಲೆ ನಿಮ್ಮ ಪ್ಲಾನ್ ಏನು ತಿಳಿಸಿ ಅಂತ ಅಷ್ಟೇ. ಆದರೆ ಪ್ಲಾನ್ ಹೇಳುವ ಸ್ಥಿತಿಯಲ್ಲಿ ಯಾರಿದ್ದಾರೆ? ಅವನು ರಾಜೀನಾಮೆ ಪತ್ರ ಟೈಪ್ ಮಾಡಿ ಇಟ್ಟುಕೊಂಡಿದ್ದಾನೆ, ಕಳಿಸುವುದೊಂದೇ ಬಾಕಿ.

ನಿನ್ನೆ ಬೆಳಿಗ್ಗೆ ನಾನು ಅವರ ಮನೆಯಲ್ಲಿದ್ದಾಗ ಶಾಲೆಯಿಂದ ಫೋನ್ ಬಂತು. ರೆಕಾರ್ಡ್ ಮಾಡಿದ ದನಿ. ನಿಮ್ಮ ಮಗು ಇವತ್ತು ಗೈರುಹಾಜರು ಅಂತ. ಅವರ ಕಂಪ್ಯೂಟರಿನಲ್ಲಿ ಇನ್ನೂ ಹೆಸರು ತೆಗೆದಿಲ್ಲ. ಇಂಥ ಮನೆಯಲ್ಲಿ ಕೂತು ಕೆಲಸ ಬಿಡಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾ? ಒಂಟಾರಿಯೊದಲ್ಲಿ ಎರಡು ವರ್ಷದವರೆಗೂ ರಜೆ ಇದೆ ಅಂತ ಯಾರೋ ಹೇಳಿದರು. ನಿಜವಾ?

ಸಂಬಳದ ಲೆಕ್ಕ

ಬಸವ ಅವರೇ, ಮೊದಲು ಆ ರಾಜೀನಾಮೆ ಕಳಿಸಬೇಡಿ ಅಂತ ಹೇಳಿ. ಮಿಕ್ಕಿದ್ದೆಲ್ಲ ಆಮೇಲೆ.

ನಿಜ, ಇದೆ. ನಾನು ಇಲ್ಲಿ ಪೇರೋಲ್‌ನಲ್ಲಿ, ಅಂದರೆ ಸಂಬಳದ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ಇದು ನನ್ನ ಟೇಬಲ್ ಮೇಲೆ ಬರುವ ವಿಷಯ. ಒಂಟಾರಿಯೊದ ಎಂಪ್ಲಾಯ್‌ಮೆಂಟ್ ಸ್ಟಾಂಡರ್ಡ್ಸ್ ಆ್ಯಕ್ಟ್‌ನಲ್ಲಿ 2018ರ ಜನವರಿ 1ರಿಂದ ಚೈಲ್ಡ್ ಡೆತ್ ಲೀವ್ ಅಂತ ಪ್ರತ್ಯೇಕ ರಜೆ ಇದೆ. 104 ವಾರದವರೆಗೆ. ಸಂಬಳ ಇಲ್ಲ, ಆದರೆ ಕೆಲಸ ಹೋಗುವುದಿಲ್ಲ. ಅದೇ ಕಂಪನಿಯಲ್ಲಿ ಕನಿಷ್ಠ ಆರು ತಿಂಗಳು ಬಿಡದೆ ಕೆಲಸ ಮಾಡಿರಬೇಕು, ಮಗುವಿಗೆ 18 ತುಂಬಿರಬಾರದು. ಮಲಮಗು, ಸಾಕುಮಗು ಕೂಡ ಲೆಕ್ಕಕ್ಕೆ ಬರುತ್ತದೆ. ಸಾವು ಹೇಗಾಯಿತು ಅನ್ನುವುದು ಮುಖ್ಯವಲ್ಲ, ಕಾಯಿಲೆ, ಅಪಘಾತ, ಏನಾದರೂ ಸರಿ. ಮಗುವಿನ ಸಾವಿನಲ್ಲಿ ಆ ತಂದೆ ಅಥವಾ ತಾಯಿಯ ಮೇಲೇ ಕೇಸ್ ಆಗಿದ್ದರೆ ಸಿಗುವುದಿಲ್ಲ. ಕಂಪನಿ ಚಿಕ್ಕದು, ಹತ್ತೇ ಜನ ಇದ್ದಾರೆ ಅನ್ನುವ ನೆಪ ಇಲ್ಲಿ ನಡೆಯುವುದಿಲ್ಲ.

ವಾಪಸ್ ಬಂದಾಗ ಅದೇ ಹುದ್ದೆ ಕೊಡಬೇಕು, ಅದು ಇಲ್ಲವಾಗಿದ್ದರೆ ಅದಕ್ಕೆ ಸರಿಸಮನಾದದ್ದು. ರಜೆಯ ಕಾಲವೂ ಸರ್ವೀಸಿಗೆ ಸೇರುತ್ತದೆ. ಹೆಲ್ತ್ ಇನ್ಶೂರೆನ್ಸ್‌ಗೆ ಕಂಪನಿ ತನ್ನ ಪಾಲು ಕಟ್ಟುತ್ತಲೇ ಇರಬೇಕು, ನಿಮ್ಮ ಪಾಲು ನೀವು ಕಟ್ಟುತ್ತಿರುವ ತನಕ. ಇದನ್ನು ಜನ ಮರೆಯುತ್ತಾರೆ. ಕೌನ್ಸೆಲಿಂಗ್ ಖರ್ಚು ಅದರಲ್ಲಿ ಬರುತ್ತಾ ನೋಡಿಕೊಳ್ಳಿ, ಎಷ್ಟೋ ಕಂಪನಿಗಳ ಇನ್ಶೂರೆನ್ಸ್‌ನಲ್ಲಿ ಬರುತ್ತದೆ.

ಎಚ್‌ಆರ್‌ಗೆ ಗೊತ್ತಿಲ್ಲದೇ ಇರಬಹುದು. ನಂಬುತ್ತೀರೋ ಇಲ್ಲವೋ, ಈ ರಜೆ ಕೇಳುವವರು ಅಪರೂಪ, ಹಾಗಾಗಿ ಎಷ್ಟೋ ಆಫೀಸುಗಳಲ್ಲಿ ಇದರ ಫಾರಂ ಕೂಡ ಇರುವುದಿಲ್ಲ.

ಮಲ್ಲೇಶ್ವರದ ಮಾಣಿ

ಸಂಬಳ ಇಲ್ಲದ 104 ವಾರ ತಗೊಂಡು ಏನು ಮಾಡೋದು ಸ್ವಾಮಿ? ನಾನೂ ಅಲ್ಲಿದ್ದು ಬಂದವನು. ಮಾರ್ಟ್‌ಗೇಜ್ ಕಟ್ಟಬೇಕು, ಕಾರಿನ ಕಂತು, ಊರಿಗೆ ದುಡ್ಡು. ಇಬ್ಬರ ಸಂಬಳದಲ್ಲಿ ನಡೆಯುತ್ತಿದ್ದ ಮನೆ ಒಬ್ಬರ ಸಂಬಳದಲ್ಲಿ ಎರಡು ತಿಂಗಳೂ ನಡೆಯುವುದಿಲ್ಲ. ಕಾಗದದ ಮೇಲೆ ಎರಡು ವರ್ಷ ಅಂತ ಬರೆದು ಸರ್ಕಾರ ಒಳ್ಳೆಯ ಹೆಸರು ತಗೊಂಡಿತು, ಖಜಾನೆಯಿಂದ ಒಂದು ಪೈಸೆ ಹೋಗಲಿಲ್ಲ. ಇದಕ್ಕಿಂತ ಬ್ರಿಟನ್‌ದು ವಾಸಿ ಅಲ್ವಾ? ಎರಡೇ ವಾರ ಆದರೂ ದುಡ್ಡು ಕೊಡುತ್ತಾರೆ.

ಸಂಬಳದ ಲೆಕ್ಕ

ಮಾಣಿ ಅವರ ಸಿಟ್ಟು ಸರಿಯಾಗೇ ಇದೆ. ಆದರೆ ರಜೆ ಬೇರೆ, ದುಡ್ಡು ಬೇರೆ, ಎರಡೂ ಬೇರೆ ಬೇರೆ ಕಡೆಯಿಂದ ಬರುತ್ತದೆ. ರಜೆ ಪ್ರಾಂತ್ಯದ ಕಾನೂನು. ದುಡ್ಡು ಇಐ, ಅಂದರೆ ಕೇಂದ್ರದ ಉದ್ಯೋಗ ವಿಮೆ. ಇವರು ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ ಅಂತ ಡಾಕ್ಟರ್ ಬರೆದುಕೊಟ್ಟರೆ ಇಐ ಸಿಕ್‌ನೆಸ್ ಬೆನಿಫಿಟ್ 26 ವಾರದವರೆಗೆ ಸಿಗುತ್ತದೆ, ಸಂಬಳದ 55 ಶೇಕಡಾ, ಅದಕ್ಕೂ ಒಂದು ಮೇಲ್ಮಿತಿ ಇದೆ. ದುಃಖ ಅನ್ನುವುದು ಕಾಯಿಲೆ ಅಲ್ಲ, ಸರಿ. ಆದರೆ ಊಟ ಸೇರದೆ, ನಿದ್ದೆ ಬಾರದೆ, ಸ್ಟೇರಿಂಗ್ ಹಿಡಿದರೆ ಕೈ ನಡುಗುವವನಿಗೆ ಫ್ಯಾಮಿಲಿ ಡಾಕ್ಟರ್ ಬರೆದುಕೊಡುತ್ತಾರೆ, ಅದರಲ್ಲಿ ಸುಳ್ಳೇನೂ ಇಲ್ಲ.

ಇನ್ನೊಂದು ಇದೆ, ಇವರಿಗೆ ಬೇಡ, ಯಾರಿಗೂ ಬೇಡದಿರಲಿ. ಅಪರಾಧ ಕೃತ್ಯದಿಂದ ಮಗು ಸತ್ತಿದ್ದರೆ ಅಥವಾ ಕಾಣೆಯಾಗಿದ್ದರೆ ತಂದೆತಾಯಿಗೆ ಕೇಂದ್ರ ಸರ್ಕಾರ ವಾರಕ್ಕೆ 500 ಡಾಲರಿನಂತೆ 35 ವಾರ ಕೊಡುತ್ತದೆ. ಅಲ್ಲಿ ಮಗುವಿನ ವಯಸ್ಸು 25ರ ಒಳಗೆ ಇದ್ದರೆ ಸಾಕು.

ನೇಪರ್‌ವಿಲ್ ಅಮ್ಮ

ನೀವು ಕೆನಡಾದವರು 104 ವಾರಕ್ಕೆ ಸಂಬಳ ಇಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಿದ್ದೀರಿ. ಗಡಿ ದಾಟಿ ಈ ಕಡೆ ಬಂದು ನೋಡಿ.

ಅಮೆರಿಕದಲ್ಲಿ 1993ರಿಂದ ಎಫ್‌ಎಂಎಲ್‌ಎ, ಅಂದರೆ ಕುಟುಂಬ ಮತ್ತು ವೈದ್ಯಕೀಯ ರಜೆಯ ಕಾಯ್ದೆ ಇದೆ, 12 ವಾರ ಸಂಬಳವಿಲ್ಲದ ರಜೆ, ಕೆಲಸಕ್ಕೆ ರಕ್ಷಣೆ. 50 ಜನಕ್ಕಿಂತ ಕಡಿಮೆ ಇರುವ ಖಾಸಗಿ ಕಂಪನಿಗೆ ಅನ್ವಯಿಸುವುದಿಲ್ಲ, ಹಿಂದಿನ ವರ್ಷದಲ್ಲಿ 1250 ಗಂಟೆ ಕೆಲಸ ಮಾಡಿರಬೇಕು. ಇರಲಿ. ಮಗು ಹುಟ್ಟಿದರೆ ರಜೆ ಇದೆ. ಮಗುವನ್ನು ದತ್ತು ತಗೊಂಡರೆ ಇದೆ. ಮಗು ಐಸಿಯುನಲ್ಲಿ ಮಲಗಿದ್ದರೆ ಇದೆ. ಅದೇ ಮಗು ತೀರಿಕೊಂಡಿತು ಅನ್ನಿ, ಅವತ್ತಿಗೆ ಆ ರಜೆಯ ಕಾರಣ ಮುಗಿಯಿತು! ನೋಡಿಕೊಳ್ಳಲು ಮಗುವೇ ಇಲ್ಲವಲ್ಲ ಅನ್ನುವುದು ಕಾನೂನಿನ ತರ್ಕ. ಇದನ್ನು ಮೊದಲ ಸಲ ಓದಿದಾಗ ನಾನು ಏನೋ ತಪ್ಪು ಓದಿರಬೇಕು ಅಂದುಕೊಂಡೆ.

ಮಕ್ಕಳನ್ನು ಕಳೆದುಕೊಂಡ ಇಬ್ಬರು ಅಪ್ಪಂದಿರು, ಬ್ಯಾರಿ ಕ್ಲೂಗರ್ ಮತ್ತು ಕೆಲ್ಲಿ ಫಾರ್ಲಿ, ಇದಕ್ಕೆ ಮಗುವಿನ ಸಾವನ್ನೂ ಒಂದು ಕಾರಣವಾಗಿ ಸೇರಿಸಿ ಅಂತ ಹೋರಾಡಿದರು. ಹೊಸ ರಜೆ ಕೊಡಿ ಅಂತಲ್ಲ, ದುಡ್ಡು ಕೊಡಿ ಅಂತಲೂ ಅಲ್ಲ. ಇರುವ 12 ವಾರದ ಪಟ್ಟಿಗೆ ಒಂದು ಸಾಲು. 2011ರಿಂದ ಮಸೂದೆ ಬರುತ್ತದೆ, ಕಾಂಗ್ರೆಸ್ಸಿನ ಅವಧಿ ಮುಗಿಯುತ್ತದೆ, ಮತ್ತೆ ಬರುತ್ತದೆ. ಪಾಸಾಗಿಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ ಮಾತ್ರ ಎರಡು ವಾರ ಸಂಬಳದ ರಜೆ ಮಾಡಿಕೊಂಡರು.

ನಮ್ಮ ಇಲಿನಾಯ್ ರಾಜ್ಯ ಸ್ವಲ್ಪ ವಾಸಿ. 2016ರಿಂದ 10 ಕೆಲಸದ ದಿನ, ಸಂಬಳ ಇಲ್ಲ. 2023ರಿಂದ ಗರ್ಭಪಾತ, ಹೊಟ್ಟೆಯಲ್ಲೇ ಮಗು ಹೋಗುವುದು, ಐವಿಎಫ್ ಕೈಕೊಡುವುದು ಎಲ್ಲಾ ಸೇರಿತು. 2024ರಿಂದ ಇನ್ನೊಂದು: ಮಗು ಆತ್ಮಹತ್ಯೆ ಅಥವಾ ಕೊಲೆಯಿಂದ ಸತ್ತರೆ ದೊಡ್ಡ ಕಂಪನಿಗಳಲ್ಲಿ 12 ವಾರ, ಸ್ವಲ್ಪ ಚಿಕ್ಕವುಗಳಲ್ಲಿ 6 ವಾರ. ಒಳ್ಳೆಯದೇ. ಆದರೆ ಕ್ಯಾನ್ಸರ್‌ನಿಂದ ಮಗು ಕಳೆದುಕೊಂಡವಳಿಗೆ 10 ದಿನ, ಗುಂಡೇಟಿನಿಂದ ಕಳೆದುಕೊಂಡವಳಿಗೆ 12 ವಾರ ಅಂತ ಯಾವ ತಕ್ಕಡಿಯಲ್ಲಿ ತೂಗಿದರೋ. ಆ ವಿಷಯದಲ್ಲಿ ಒಂಟಾರಿಯೊ ಸರಿ ಮಾಡಿದೆ, ಹೇಗೆ ಸತ್ತಿತು ಅಂತ ಕೇಳುವುದೇ ಇಲ್ಲ.

ರಾತ್ರಿಪಾಳಿ ರಮೇಶ

ಅಮೆರಿಕದಲ್ಲಿ ಎಚ್‌1ಬಿ ಕೆಲಸದ ವೀಸಾದಲ್ಲಿ ಇರುವವರಿಗೆ ಒಂದು ಮಾತು ಸೇರಿಸುತ್ತೇನೆ. ಕೆಲಸ ಇಲ್ಲದ ಕಾಲಕ್ಕೂ ಎಚ್‌1ಬಿ ನೌಕರನಿಗೆ ಕಂಪನಿ ಸಂಬಳ ಕೊಡಲೇಬೇಕು ಅನ್ನುವ ನಿಯಮ ಇದೆ, ಅದನ್ನೇ ಹಿಡಿದುಕೊಂಡು ಕೆಲವು ಮ್ಯಾನೇಜರ್‌ಗಳು ನಿನಗೆ ಸಂಬಳವಿಲ್ಲದ ರಜೆ ಕೊಡುವ ಹಾಗೇ ಇಲ್ಲ ಅಂತ ಹೆದರಿಸುತ್ತಾರೆ. ಹಾಗಲ್ಲ. ನೌಕರ ತಾನಾಗಿ, ತನ್ನ ಸ್ವಂತ ಕಾರಣಕ್ಕೆ ರಜೆ ಕೇಳಿದರೆ ಆ ಸಂಬಳದ ನಿಯಮ ಅನ್ವಯಿಸುವುದಿಲ್ಲ, ಕೆಲಸದ ಸಂಬಂಧ ಮುಂದುವರಿದಿರುವ ತನಕ ವೀಸಾ ಸ್ಟೇಟಸ್ಸಿಗೂ ತೊಂದರೆ ಇಲ್ಲ. ಬರವಣಿಗೆಯಲ್ಲಿ ಇಟ್ಟುಕೊಳ್ಳಿ, ಅಷ್ಟೇ. ಮತ್ತೆ, ಖಿನ್ನತೆ ಅಂತ ಡಾಕ್ಟರ್ ಬರೆದುಕೊಟ್ಟರೆ ನಿಮ್ಮ ಸ್ವಂತ ಆರೋಗ್ಯದ ಕಾರಣಕ್ಕೆ ಎಫ್‌ಎಂಎಲ್‌ಎ ತಗೊಳ್ಳಬಹುದು. ಹಿಂಬಾಗಿಲು ಅನ್ನಿ, ಆದರೆ ತೆರೆದೇ ಇದೆ.

ಹಾಸನದ ಹೇಮಾ

ಓದುತ್ತಾ ಓದುತ್ತಾ ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ.

ಬೆಂಗಳೂರಿನಲ್ಲಿ ನನ್ನ ಮಗಳು ಹೋದಾಗ ನಾನು ಒಂದು ಖಾಸಗಿ ಕಂಪನಿಯಲ್ಲಿದ್ದೆ. ತಿಥಿ ಮುಗಿಸಿ ಮರುದಿನವೇ ಹೋದೆ. ಹೋಗು ಅಂತ ಯಾರೂ ಒತ್ತಾಯಿಸಲಿಲ್ಲ, ಆದರೆ ಇರು ಅಂತ ಹೇಳಲು ಯಾರ ಕೈಯಲ್ಲೂ ಏನೂ ಇರಲಿಲ್ಲ. ರಜೆ ಮುಗಿದಿತ್ತು. ನನ್ನ ಡೆಸ್ಕ್ ಒರೆಸಿ ಸ್ವಚ್ಛ ಮಾಡಿಟ್ಟಿದ್ದರು. ಅವಳು ಬರೆದುಕೊಟ್ಟ ಒಂದು ಚಿತ್ರ ಮಾನಿಟರ್ ಕೆಳಗೆ ಅಂಟಿಸಿದ್ದೆ, ಮೂರು ಕಾಲಿನ ಬೆಕ್ಕು, ನಾಲ್ಕನೆಯದಕ್ಕೆ ಜಾಗ ಸಾಕಾಗಿರಲಿಲ್ಲ. ಅದನ್ನು ತೆಗೆದುಬಿಟ್ಟಿದ್ದರು. ನನಗೆ ನೋವಾಗಬಾರದು ಅಂತಲೇ ತೆಗೆದದ್ದು, ಕೆಟ್ಟ ಮನಸ್ಸಿನಿಂದಲ್ಲ. ಎಲ್ಲಿ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳಿದ್ದಿದ್ದರೆ ತೆಗೆದವಳು ಅಳುತ್ತಿದ್ದಳು, ಅವಳನ್ನು ನಾನು ಸಮಾಧಾನ ಮಾಡಬೇಕಿತ್ತು. ಸಾಯಂಕಾಲ ಹೌಸ್‌ಕೀಪಿಂಗ್ ಅಣ್ಣ ತಾನಾಗಿ ಒಂದು ಕವರ್ ತಂದುಕೊಟ್ಟ. ಕಸಕ್ಕೆ ಹಾಕದೆ ಸ್ಟೋರಿನಲ್ಲಿ ಎತ್ತಿಟ್ಟಿದ್ದನಂತೆ.

ನಾಲ್ಕು ತಿಂಗಳು ಹೇಗೋ ಎಳೆದೆ, ಆಮೇಲೆ ಬಿಟ್ಟೆ. ಮಾಣಿ ಅವರೇ, ನಿಮ್ಮ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಸಂಬಳ ಬೇಡ, ಆರು ತಿಂಗಳು ಬಿಟ್ಟು ಬಾ, ನಿನ್ನ ಕುರ್ಚಿ ಇರುತ್ತದೆ ಅಂತ ಯಾರಾದರೂ ಬರೆದುಕೊಟ್ಟಿದ್ದರೆ ನಾನು ಬಂಗಾರ ಅಡವಿಟ್ಟಾದರೂ ಮನೆಯಲ್ಲಿ ಕೂರುತ್ತಿದ್ದೆ. ರಾಜೀನಾಮೆ ಕೊಟ್ಟ ಮೇಲೆ ಮತ್ತೆ ಕೆಲಸ ಹುಡುಕುವಾಗ ಪ್ರತಿ ಇಂಟರ್‌ವ್ಯೂನಲ್ಲೂ ಕೇಳುತ್ತಾರೆ, ಈ ಗ್ಯಾಪ್ ಯಾಕೆ ಅಂತ. ಪರಿಚಯವೇ ಇಲ್ಲದ ಇಬ್ಬರ ಎದುರಿಗೆ ಕೂತು ಅದಕ್ಕೆ ಉತ್ತರ ಹೇಳಬೇಕು. ಆ ಪ್ರಶ್ನೆಯೊಂದು ಬರದಿದ್ದರೆ ಸಾಕಾಗಿತ್ತು ನನಗೆ.

ಮಲ್ಲೇಶ್ವರದ ಮಾಣಿ

ಹೇಮಾ ಅವರೇ, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಗ್ಯಾಪ್ ವಿಷಯ ನಾನು ಯೋಚಿಸಿರಲಿಲ್ಲ. ಸಂಬಳ ಬೇಕು ಅನ್ನುವ ನನ್ನ ಮಾತು ಮಾತ್ರ ಬಿಡುವುದಿಲ್ಲ, ಅಡವಿಡಲು ಬಂಗಾರ ಇಲ್ಲದವರೂ ಇದ್ದಾರಲ್ಲ.

ಪೀಣ್ಯ ಲೈನ್ ಸೂಪರ್‌ವೈಸರ್

ಇದ್ದಾರೆ ಸಾರ್. ಗಾರ್ಮೆಂಟ್ಸ್‌ನಲ್ಲಿ ನೋಡಿ. ನಮ್ಮ ಲೈನಿನಲ್ಲಿ ಒಬ್ಬಳು ಹುಡುಗಿ, ಕೈಗೂಸು ಜ್ವರದಲ್ಲಿ ಹೋಯಿತು, ಊರಿಗೆ ಹೋಗಿ ಮಣ್ಣು ಮಾಡಿ ಬಂದಳು. ಬಂದ ತಿಂಗಳು ಸ್ಲಿಪ್ಪಿನಲ್ಲಿ ಹಾಜರಾತಿ ಬೋನಸ್ ಕಟ್. ಗೈರಿನ ದಿನದ ಸಂಬಳ ಬೇರೆ ಕಟ್. ನಾನು ಮೇಲೆ ಮಾತಾಡಿದೆ, ಸಿಸ್ಟಮ್ಮಿನಲ್ಲಿ ಹಾಗೇ ಬರುತ್ತೆ ಕಣ್ರೀ ಅಂದರು. ಅವಳು ಏನೂ ಅನ್ನಲಿಲ್ಲ, ಸ್ಲಿಪ್ ಮಡಚಿ ರವಿಕೆಯಲ್ಲಿ ಇಟ್ಟುಕೊಂಡು ಮಷಿನ್ ಹತ್ತಿರ ಹೋದಳು. ಸಂಬಳವಿಲ್ಲದ ಎರಡು ವರ್ಷ ಅವಳಿಗೆ ಬೇಡ. ಹತ್ತು ದಿನ ಸಂಬಳ ಸಮೇತ, ಬೋನಸ್ ಮುಟ್ಟದೆ, ಅಷ್ಟು ಕೊಟ್ಟರೆ ಸಾಕು.

ವಕೀಲರ ಮನೆ ಸೊಸೆ

ನಮ್ಮ ದೇಶದಲ್ಲಿ ಏನೂ ಇಲ್ಲ ಅಂತ ಬರೆಯುವವರಿಗೆ ಸ್ವಲ್ಪ ತಡೆಯಿರಿ ಅನ್ನುತ್ತೇನೆ. ಇದೆ, ಆದರೆ ಒಂದೇ ಮೂಲೆಯಲ್ಲಿ, ತಾಯಿಗೆ ಮಾತ್ರ, ಹೆರಿಗೆಯ ಆಸುಪಾಸಿಗೆ ಮಾತ್ರ.

1961ರ ಹೆರಿಗೆ ಭತ್ಯೆ ಕಾಯ್ದೆಯಲ್ಲಿ ಗರ್ಭಪಾತವಾದರೆ 6 ವಾರ ಸಂಬಳದ ರಜೆ ಇತ್ತು. ಅದರಲ್ಲಿ ಗರ್ಭಪಾತ ಅಂದರೆ 26ನೇ ವಾರದವರೆಗೆ. ಅದು ದಾಟಿದ ಮೇಲೆ ಮಗು ಸತ್ತೇ ಹುಟ್ಟಿದರೂ ಅದು ಹೆರಿಗೆ. ಮಗು ಅಂದರೆ ಸತ್ತು ಹುಟ್ಟಿದ ಮಗುವೂ ಸೇರಿ ಅಂತ ಕಾಯ್ದೆಯ ಮೂರನೇ ಸೆಕ್ಷನ್‌ನಲ್ಲೇ ಬರೆದಿತ್ತು. ಅಂದರೆ ಪೂರ್ತಿ ಹೆರಿಗೆ ರಜೆ ಕೇಳುವ ಹಕ್ಕಿದೆ, ಮಗು ಇಲ್ಲವಲ್ಲಾ ನಿಮಗೆ ಯಾಕೆ ರಜೆ ಅಂತ ಕೇಳುವ ಹಾಗಿಲ್ಲ. ಕೇಳುತ್ತಾರೆ, ಅದು ಬೇರೆ ಮಾತು. ಈ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದೂ ಕಾನೂನುಬಾಹಿರ. 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಬದಲಿಗೆ ಬಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಗರ್ಭಪಾತದ 6 ವಾರ ಹಾಗೇ ಉಳಿದಿದೆ.

ಕೇಂದ್ರ ಸರ್ಕಾರಿ ನೌಕರಿಯ ಹೆಂಗಸರಿಗೆ 2022ರ ಸೆಪ್ಟೆಂಬರ್‌ನಲ್ಲಿ ಆದೇಶ ಬಂತು. ಮಗು ಸತ್ತು ಹುಟ್ಟಿದರೆ ಅಥವಾ ಹುಟ್ಟಿ 28 ದಿನದೊಳಗೆ ತೀರಿಕೊಂಡರೆ 60 ದಿನ ವಿಶೇಷ ಹೆರಿಗೆ ರಜೆ.

ಇಲ್ಲದ್ದು ಯಾವುದು ಗೊತ್ತಾ? ಐದು ವರ್ಷದ ಮಗು ಹೋದರೆ ಇಲ್ಲ. ಹದಿನೈದು ವರ್ಷದ ಮಗ ಬೈಕಿನಿಂದ ಬಿದ್ದು ಹೋದರೆ ಇಲ್ಲ. ಖಾಸಗಿ ಕಂಪನಿಯ ಅಪ್ಪನಿಗಂತೂ ಯಾವತ್ತೂ ಇಲ್ಲ. ಕಂಪನಿ ತಾನಾಗಿ ಮೂರು ದಿನ, ಐದು ದಿನ ಇಟ್ಟಿದ್ದರೆ ಉಂಟು. ಮಿಕ್ಕಂತೆ ನಿಮ್ಮ ಗಳಿಕೆ ರಜೆ, ನಿಮ್ಮ ಕಾಯಿಲೆ ರಜೆ.

ನಿವೃತ್ತ ಮೇಷ್ಟ್ರು, ತುಮಕೂರು

ಎಲ್ಲವನ್ನೂ ಓದಿದೆ. ನನ್ನದು ಬೇರೆ ಅಭಿಪ್ರಾಯ, ಬೈಯಬೇಡಿ. ಪುತ್ರಶೋಕಂ ನಿರಂತರಂ ಅಂತ ಹಿರಿಯರು ಹೇಳಿದ್ದಾರೆ. ಮುಗಿಯದ ದುಃಖಕ್ಕೆ ವಾರದ ಲೆಕ್ಕದಲ್ಲಿ ರಜೆ ಕೊಟ್ಟು ಏನು ಪ್ರಯೋಜನ? ಮನೆಯಲ್ಲೇ ಕೂತರೆ ಗೋಡೆ ನೋಡಿಕೊಂಡು ಕೂರುತ್ತಾರೆ. ಕೆಲಸಕ್ಕೆ ಹೋದರೆ ನಾಲ್ಕು ಜನ, ನಾಲ್ಕು ಮಾತು. ನನ್ನ ತಮ್ಮನ ಮಗ ಹೋದಾಗ ಅವನನ್ನು ಉಳಿಸಿದ್ದೇ ಶಾಲೆ. ಮೊದಲು ನಮ್ಮಲ್ಲಿ ಹನ್ನೊಂದು ದಿನ, ಹದಿಮೂರು ದಿನ ಮನೆತುಂಬ ಜನ ಇರುತ್ತಿದ್ದರು, ಯಾವ ಕಾನೂನೂ ಬೇಕಾಗಿರಲಿಲ್ಲ.

ನೇಪರ್‌ವಿಲ್ ಅಮ್ಮ

ಮೇಷ್ಟ್ರೇ, ಯಾರೂ ಬೈಯುವುದಿಲ್ಲ. ಆದರೆ ನಿಮ್ಮ ತಮ್ಮನಿಗೆ ಶಾಲೆ ಔಷಧಿಯಾದದ್ದು ಅವರು ಹೋಗಬೇಕು ಅನ್ನಿಸಿ ಹೋದದ್ದರಿಂದ. ಹೋಗದಿದ್ದರೆ ಕೆಲಸ ಹೋಗುತ್ತದೆ ಅಂತ ಹೆದರಿ ಹೋದವರಿಗೆ ಅದೇ ಜಾಗ ಹಾಗಿರುವುದಿಲ್ಲ. ಈ ರಜೆ ತಗೊಳ್ಳಲೇಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಬೇಕಾದವರಿಗೆ ಇರಲಿ ಅಂತ ಅಷ್ಟೇ.

ಆಮೇಲೆ ಹದಿಮೂರು ದಿನದ ಮಾತು. ತೀರಾ ಎಳೆಯ ಮಕ್ಕಳಿಗೆ ನಮ್ಮಲ್ಲೇ ಸೂತಕ ಕಡಿಮೆ ಅಲ್ವಾ? ಹಲ್ಲು ಬರದ ಕೂಸಾದರೆ ಮಣ್ಣು ಮಾಡಿ ಸ್ನಾನ ಮಾಡಿದರೆ ಮುಗಿಯಿತು ಅನ್ನುವ ಮನೆಗಳಿವೆ. ನನ್ನ ಅತ್ತೆಯ ಮೊದಲ ಮಗುವಿಗೆ ಹಾಗೇ ಮಾಡಿದ್ದು. ಎಂಬತ್ತು ದಾಟಿದ ಮೇಲೂ ಅದರ ಹೆಸರು ಹೇಳುತ್ತಿದ್ದರು, ಹೆಸರಿಟ್ಟದ್ದು ಅವರಿಗೊಬ್ಬರಿಗೇ ಗೊತ್ತಿತ್ತು.

ಅಂಗಡಿ ಗಿರೀಶ, ಮಿಸ್ಸಿಸಾಗ

ನಾನು ಇಲ್ಲಿ ದಿನಸಿ ಅಂಗಡಿ ಇಟ್ಟಿದ್ದೇನೆ, ಏಳು ಜನ ಕೆಲಸಕ್ಕಿದ್ದಾರೆ. ಇನ್ನೊಂದು ಕಡೆಯದೂ ಯಾರಾದರೂ ಹೇಳಬೇಕಲ್ಲ. ನನ್ನ ಹತ್ತಿರ ಕ್ಯಾಷ್ ನೋಡಿಕೊಳ್ಳುವವರು ಒಬ್ಬರೇ. ಅವರು ಎರಡು ವರ್ಷ ಹೋದರೆ ಆ ಜಾಗ ಖಾಲಿ ಇಡಲು ನನ್ನಿಂದ ಆಗುತ್ತಾ? ಬಂದ ಹೊಸಬರನ್ನು ಎರಡು ವರ್ಷ ಆದ ಮೇಲೆ ಹೋಗಿ ಅನ್ನಲಾ? ಅವರಿಗೂ ಸಂಸಾರ ಇರುತ್ತೆ.

ಸಂಬಳದ ಲೆಕ್ಕ

ಗಿರೀಶ್, ಹೆರಿಗೆ ರಜೆಗೆ ಹೋದವರ ಜಾಗಕ್ಕೆ ಏನು ಮಾಡುತ್ತೀರೋ ಅದನ್ನೇ. ಇಲ್ಲಿ ತಾಯಿ ಒಂದೂವರೆ ವರ್ಷ ಹೋಗುವುದು ಮಾಮೂಲು. ಕಾಂಟ್ರಾಕ್ಟ್ ಮೇಲೆ ಜನ ತಗೊಳ್ಳಿ, ಇದು ತಾತ್ಕಾಲಿಕ ಅಂತ ಮೊದಲೇ ಹೇಳಿ. ಕಷ್ಟ ಇಲ್ಲ ಅಂತ ನಾನು ಹೇಳಲ್ಲ. ಆದರೆ ನೀವು ಸಂಬಳ ಕೊಡಬೇಕಾಗಿಲ್ಲ, ಅದನ್ನು ಮರೆಯಬೇಡಿ. ಸಂಬಳವಿಲ್ಲದ ರಜೆ ಅಂತ ಇಷ್ಟು ಉದ್ದ ಕೊಡಲು ಸಾಧ್ಯವಾದದ್ದೇ ಅದಕ್ಕೆ. ಏಳು ಜನರ ಅಂಗಡಿಗೂ ಅನ್ವಯಿಸುತ್ತದೆ ಅನ್ನುವ ಕಾನೂನು ಸಂಬಳ ಸಮೇತ ಬಂದಿದ್ದರೆ ನೀವೇ ಮೊದಲು ಬೀದಿಗಿಳಿಯುತ್ತಿದ್ದಿರಿ.

ಅಂಗಡಿ ಗಿರೀಶ, ಮಿಸ್ಸಿಸಾಗ

ಅದೂ ನಿಜವೇ. ಸುಮ್ನೆ ಕೇಳಿದೆ. ನಮ್ಮಲ್ಲಿ ಯಾರಿಗಾದರೂ ಹಾಗಾದರೆ ನಾನು ಕಾನೂನು ನೋಡಿಕೊಂಡು ಕೂರುವವನಲ್ಲ.

ವಕೀಲರ ಮನೆ ಸೊಸೆ

ಎಲ್ಲಾ ಮಾಲೀಕರೂ ಹೀಗೇ ಹೇಳುತ್ತಾರೆ ಗಿರೀಶ್ ಅವರೇ, ಮತ್ತು ಬಹಳ ಜನ ಹಾಗೇ ನಡೆದುಕೊಳ್ಳುತ್ತಾರೆ ಕೂಡ. ತೊಂದರೆ ಮೊದಲ ವಾರದಲ್ಲಿ ಬರುವುದಿಲ್ಲ. ಮೊದಲ ವಾರ ಎಲ್ಲರೂ ಒಳ್ಳೆಯವರು. ಆರನೇ ವಾರದಲ್ಲಿ, ಕ್ವಾರ್ಟರ್ ಮುಗಿಯುವಾಗ, ಹೊಸ ಮ್ಯಾನೇಜರ್ ಬಂದಾಗ ಬರುತ್ತದೆ. ಬ್ರಿಟನ್‌ನಲ್ಲಿ ಲೂಸಿ ಹರ್ಡ್ ಅನ್ನುವ ತಾಯಿ ಹೋರಾಟಕ್ಕೆ ಇಳಿದದ್ದು ಯಾಕೆ? ಎರಡು ವರ್ಷವೂ ತುಂಬದ ಮಗ ಜಾಕ್ 2010ರಲ್ಲಿ ಕೊಳದಲ್ಲಿ ಮುಳುಗಿ ಹೋದ. ಗಂಡನಿಗೆ ಕೊಟ್ಟದ್ದು ಮೂರು ದಿನ, ಅದರಲ್ಲಿ ಒಂದು ಅಂತ್ಯಕ್ರಿಯೆಗೆ. ಜಾಕ್ ಹೆಸರಿನ ಆ ಕಾನೂನು ಜಾರಿಯಾದದ್ದು 2020ರ ಏಪ್ರಿಲ್‌ನಲ್ಲಿ. ಹತ್ತು ವರ್ಷ ಹಿಡಿಯಿತು, ಸಿಕ್ಕಿದ್ದು ಎರಡು ವಾರ. ಅದರಲ್ಲಿ ನನಗೆ ಹಿಡಿಸಿದ್ದು ಒಂದು: ಆ ಎರಡು ವಾರವನ್ನು ಒಟ್ಟಿಗೇ ತಗೊಳ್ಳಬೇಕಾಗಿಲ್ಲ, ಒಂದೊಂದು ವಾರವಾಗಿ, 56 ವಾರದ ಒಳಗೆ ಯಾವಾಗ ಬೇಕಾದರೂ. ಮೊದಲ ಹುಟ್ಟುಹಬ್ಬ, ಮೊದಲ ವರ್ಷಾಬ್ದಿಕ ಇವೆಲ್ಲ ಆ ಲೆಕ್ಕದಲ್ಲಿ ಬರುತ್ತವೆ. ಯಾರೋ ಅನುಭವ ಇದ್ದವರು ಪಕ್ಕದಲ್ಲಿ ಕೂತು ಬರೆಸಿದ ಹಾಗಿದೆ.

ಬೆಳಗಾವಿ ಕುಂದಾ

ಒಂದು ಮಾತು ಗಂಡಸರ ಕಡೆಯಿಂದ. ನನ್ನ ಗೆಳೆಯನ ಮಗು ಹೋದಾಗ ಬಂದವರೆಲ್ಲ ಅವನಿಗೆ ಹೇಳಿದ್ದು ಒಂದೇ ಮಾತು, ನೀನೇ ಹಿಂಗ ಕುಂತ್ರ ಅಕಿನ್ನ ಯಾರು ನೋಡ್ಕೋಬೇಕೋ ಅಂತ. ಅವನು ನೋಡಿಕೊಂಡ. ಆಸ್ಪತ್ರೆ ಬಿಲ್, ಸ್ಮಶಾನದ ರಸೀದಿ, ಮರಣ ಪ್ರಮಾಣಪತ್ರ, ಆಧಾರ್, ಶಾಲೆಯ ಟಿಸಿ, ಎಲ್ಲಾ ಅವನೇ ಓಡಾಡಿದ್ದು. ವರ್ಷದ ಮೇಲೆ ಒಂದು ದಿನ ಆಫೀಸಿನ ಪಾರ್ಕಿಂಗ್‌ನಲ್ಲಿ ಗಾಡಿಯಿಂದ ಇಳಿಯಲಾಗದೆ ಕೂತ. ಕರ್ನಾಟಕ ಸರ್ಕಾರ 2025ರಲ್ಲಿ ಹೆಣ್ಣುಮಕ್ಕಳಿಗೆ ವರ್ಷಕ್ಕೆ 12 ದಿನ ಮುಟ್ಟಿನ ರಜೆ ಒಪ್ಪಿತಲ್ಲ, ಖಾಸಗಿಯವರಿಗೂ ಸೇರಿಸಿ. ಆಗೋದಿಲ್ಲ ಅಂತ ಎಷ್ಟು ಜನ ಕೂಗಾಡಿದರು. ಆಯಿತಲ್ಲ! ಹಾಗಾದರೆ ಮಗು ಕಳೆದುಕೊಂಡ ತಂದೆತಾಯಿಗೆ, ಇಬ್ಬರಿಗೂ, ಒಂದು ರಜೆ ಯಾಕೆ ಕೇಳಬಾರದು?

ಪೀಣ್ಯ ಲೈನ್ ಸೂಪರ್‌ವೈಸರ್

ಕೇಳಬೇಕು ಸಾರ್. ಆದರೆ ಸಂಬಳ ಸಮೇತ ಸ್ವಲ್ಪ ದಿನ, ಆಮೇಲೆ ಸಂಬಳವಿಲ್ಲದೆ ಜಾಸ್ತಿ ದಿನ, ಎರಡೂ ಸೇರಿಸಿ ಕೇಳಿ. ಒಂದೇ ಕೇಳಿದರೆ ಅರ್ಧ ಜನಕ್ಕೆ ತಲುಪಲ್ಲ.

ಬ್ರಾಂಪ್ಟನ್ ಬಸವ

ಎಲ್ಲರಿಗೂ ಧನ್ಯವಾದ. ರಾಜೀನಾಮೆ ಕಳಿಸಿಲ್ಲ, ಡಾಕ್ಟರ್ ಹತ್ತಿರ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಇನ್ನೂ ಮೂರು ಪ್ರಶ್ನೆ. ಹೆಂಡತಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ, ಅವರಿಗೂ ಇದೇ 104 ವಾರವಾ? ಅವರದ್ದಿನ್ನೂ ಪಿಆರ್, ಅಂದರೆ ಕಾಯಂ ವಾಸದ ಅನುಮತಿ ಆಗಿಲ್ಲ, ವರ್ಕ್ ಪರ್ಮಿಟ್‌ನಲ್ಲಿದ್ದಾರೆ, ರಜೆ ಹಾಕಿದರೆ ಅದಕ್ಕೇನಾದರೂ ಏಟು ಬೀಳುತ್ತಾ? ಪತ್ರ ಹೇಗೆ ಬರೆಯಬೇಕು?

ಸಂಬಳದ ಲೆಕ್ಕ

ಬ್ಯಾಂಕು ಅಂದಿರಾ? ಕೇಳಿದ್ದು ಒಳ್ಳೆಯದಾಯಿತು, ನಮ್ಮವರು ತುಂಬಾ ಜನ ಎಡವುವುದು ಇಲ್ಲೇ. ಬ್ಯಾಂಕು, ಟೆಲಿಕಾಂ, ವಿಮಾನ ಕಂಪನಿ, ಇವು ಎಲ್ಲೇ ಇದ್ದರೂ ಕೇಂದ್ರದ ಕೆನಡಾ ಲೇಬರ್ ಕೋಡ್ ಅಡಿಯಲ್ಲಿ ಬರುತ್ತವೆ, ಒಂಟಾರಿಯೊ ಕಾನೂನಿನಲ್ಲಿ ಅಲ್ಲ. ಅಲ್ಲಿ ಮಗು ತೀರಿಕೊಂಡರೆ ಈಗ 8 ವಾರದವರೆಗೆ ರಜೆ. ಒಂದೇ ಮನೆ, ಒಂದೇ ಮಗು, ಅಪ್ಪನಿಗೆ 104 ವಾರದ ಹಕ್ಕು, ಅಮ್ಮನಿಗೆ 8 ವಾರ. ನ್ಯಾಯ ಎಲ್ಲಿದೆ ಅಂತ ಕೇಳಬೇಡಿ. ಅವರು ಬ್ಯಾಂಕಿನ ಸ್ವಂತ ಪಾಲಿಸಿ, ಶಾರ್ಟ್ ಟರ್ಮ್ ಡಿಸೆಬಿಲಿಟಿ (ಆರೋಗ್ಯ ಕೆಟ್ಟು ಸ್ವಲ್ಪ ಕಾಲ ಕೆಲಸ ಮಾಡಲಾಗದಾಗ ಸಿಗುವ ದುಡ್ಡು) ಏನಿದೆ ನೋಡಲಿ, ಬ್ಯಾಂಕುಗಳಲ್ಲಿ ಅದು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಇಬ್ಬರೂ ಒಂಟಾರಿಯೊ ಕಾನೂನಿನಡಿ ಇದ್ದಿದ್ದರೆ 104 ವಾರ ಇಬ್ಬರಿಗೂ ಸೇರಿ, ತಲಾ 104 ಅಲ್ಲ.

ಪಿಆರ್ ವಿಷಯ. ವರ್ಕ್ ಪರ್ಮಿಟ್ ಅದರ ತಾರೀಖಿನವರೆಗೆ ಇರುತ್ತದೆ. ಆದರೆ ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಕ್ಲಾಸ್, ಅಂದರೆ ಇಲ್ಲಿನ ಕೆಲಸದ ಅನುಭವದ ಮೇಲೆ ಪಿಆರ್ ಪಡೆಯುವ ದಾರಿಗೆ ಬೇಕಾದ ಒಂದು ವರ್ಷ ಅಂದರೆ ಸಂಬಳ ತಗೊಂಡು ಮಾಡಿದ ಕೆಲಸ. ಸಂಬಳವಿಲ್ಲದ ವಾರಗಳು ಅದರಲ್ಲಿ ಬರುವುದಿಲ್ಲ. ಆ ಒಂದು ವರ್ಷ ಆಗಲೇ ಮುಗಿದಿದ್ದರೆ ಚಿಂತೆ ಕಡಿಮೆ, ಇಲ್ಲದಿದ್ದರೆ ಇಮಿಗ್ರೇಶನ್ ವಕೀಲರ ಹತ್ತಿರ ಒಂದು ಸಲ ಕೂತು ಲೆಕ್ಕ ಹಾಕಿಸಿ, ಇದನ್ನು ನನ್ನಂಥವರ ಮಾತಿನ ಮೇಲೆ ಬಿಡಬೇಡಿ.

ಮೈಸೂರು ಪಾಕು

18ರ ಮಿತಿ ಬಗ್ಗೆ ಯಾರೂ ಮಾತಾಡಲಿಲ್ಲ. ಕಾಲೇಜಿಗೆ ಸೇರಿದ 19 ವರ್ಷದ ಮಗ ಹೋದರೆ ಒಂಟಾರಿಯೊದಲ್ಲಿ ಏನು ಸಿಗುತ್ತೆ?

ಸಂಬಳದ ಲೆಕ್ಕ

ಸಾಮಾನ್ಯ ಬಿರೀವ್‌ಮೆಂಟ್ ಲೀವ್, ಅಂದರೆ ಹತ್ತಿರದವರು ತೀರಿಕೊಂಡಾಗಿನ ರಜೆ. ವರ್ಷಕ್ಕೆ ಎರಡು ದಿನ. ಸಂಬಳ ಇಲ್ಲ.

ಮೈಸೂರು ಪಾಕು

ಎರಡು ದಿನ. ಸರಿ. 104 ವಾರದ ಕಾನೂನನ್ನು ಹೊಗಳುವವರು ಇದನ್ನೂ ಸೇರಿಸಿ ಹೇಳಲಿ. ಹುಟ್ಟುಹಬ್ಬದ ಹಿಂದಿನ ದಿನ ಹೋದರೆ ಎರಡು ವರ್ಷ, ಮರುದಿನ ಹೋದರೆ ಎರಡು ದಿನ.

ಸಂಬಳದ ಲೆಕ್ಕ

ಒಪ್ಪುತ್ತೇನೆ. ಸಮರ್ಥಿಸಿಕೊಳ್ಳಲು ನನ್ನ ಹತ್ತಿರ ಏನೂ ಇಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ 19ರ ಒಳಗೆ ಅಂತ ಇದೆ, ಒಂದು ವರ್ಷ ಜಾಸ್ತಿ, ಅಷ್ಟೇ.

ಬಸವ ಅವರೇ, ಪತ್ರ ಉದ್ದ ಬೇಡ. ಏನಾಯಿತು, ಹೇಗಾಯಿತು ಅಂತ ವಿವರಿಸುವ ಅಗತ್ಯವೂ ಇಲ್ಲ. ಮಗು ಇಂಥ ದಿನ ತೀರಿಕೊಂಡಿತು, ಎಂಪ್ಲಾಯ್‌ಮೆಂಟ್ ಸ್ಟಾಂಡರ್ಡ್ಸ್ ಆ್ಯಕ್ಟ್‌ನ ಚೈಲ್ಡ್ ಡೆತ್ ಲೀವ್ ಅಡಿಯಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ರಜೆಯಲ್ಲಿರುತ್ತೇನೆ, ಇನ್ಶೂರೆನ್ಸ್‌ನಲ್ಲಿ ನನ್ನ ಪಾಲು ಕಟ್ಟುವುದನ್ನು ಮುಂದುವರಿಸುತ್ತೇನೆ. ರಜೆ ಕೊಡಿ ಅಂತ ಬೇಡಿಕೊಳ್ಳುವ ಧಾಟಿ ಬೇಡ, ಇದು ತಿಳಿಸುವ ಪತ್ರ. ವಾರಗಳ ಪ್ಲಾನ್ ಬರವಣಿಗೆಯಲ್ಲಿ ಕೊಡಬೇಕು ಅಂತ ಕಾನೂನೇ ಹೇಳುತ್ತದೆ. ದಾಖಲೆ ಕೇಳಿದರೆ ಮರಣ ಪ್ರಮಾಣಪತ್ರದ ಪ್ರತಿ ಸಾಕು.

ಒಂದು ಎಚ್ಚರಿಕೆ. ಇದನ್ನು ಬ್ರಿಟನ್‌ನಂತೆ ತುಂಡು ತುಂಡಾಗಿ ತಗೊಳ್ಳಲು ಬರುವುದಿಲ್ಲ, ಒಂದೇ ಸಲ, ನಿರಂತರ. ನಡುವೆ ಕೆಲಸಕ್ಕೆ ಮರಳಿದರೆ ಉಳಿದ ವಾರ ಹೋಯಿತು. ಹಾಗಾಗಿ ಈಗಲೇ ಎರಡು ವಾರ ಅಂತ ಸಂಕೋಚದಿಂದ ಬರೆಯಬೇಡಿ. ಆರು ತಿಂಗಳು ಅಂತ ಬರೆಯಲಿ. ಆಮೇಲೆ ಬೇಗ ಹೋಗಬೇಕು ಅನ್ನಿಸಿದರೆ ಅಥವಾ ಇನ್ನೂ ಬೇಕು ಅನ್ನಿಸಿದರೆ ನಾಲ್ಕು ವಾರ ಮುಂಚೆ ಬರೆದು ಬದಲಾಯಿಸಬಹುದು. ಕಂಪನಿ ಒಪ್ಪಿದರೆ ಅಷ್ಟೂ ಬೇಕಾಗಿಲ್ಲ.

ಶಾಲೆಗೆ ಮಾತ್ರ ನೀವೇ ಹೋಗಿ ಆಫೀಸಿನಲ್ಲಿ ಹೇಳಿ ಬನ್ನಿ, ಆ ಹೆಸರು ಕಂಪ್ಯೂಟರಿನಿಂದ ತೆಗೆಸಿ. ಅದಕ್ಕೆ ಅಪ್ಪ ಅಮ್ಮನೇ ಹೋಗಬೇಕು ಅಂದರೆ ಪ್ರಿನ್ಸಿಪಾಲರನ್ನು ಕೇಳಿ, ಒಂದು ಸಹಿಗೆ ಅವರೇ ಮನೆಗೆ ಬರುತ್ತಾರೆ.

ಬ್ರಾಂಪ್ಟನ್ ಬಸವ

ಸೋಮವಾರ ಶಾಲೆ, ಮಂಗಳವಾರ ಡಾಕ್ಟರ್. ಪತ್ರ ಇವತ್ತು ರಾತ್ರಿ ಕೂತು ಬರೆಯುತ್ತೇವೆ. ಇಮಿಗ್ರೇಶನ್ ವಕೀಲರು ಕನ್ನಡ ಬಲ್ಲವರು ಯಾರಾದರೂ ಗೊತ್ತಿದ್ದರೆ ನನಗೆ ಮೆಸೇಜ್ ಮಾಡಿ.